ಓಮ್ ನಿಯಮ ಸರಿ ಇದ್ದರೆ ವೋಲ್ಟೇಜ್ ಡಲ್ ಆದಾಗ ಪಂಪ್ ಮೋಟರ್ ಯಾಕೆ ಸುಡುತ್ತದೆ?

ಕೊಳವೆಬಾವಿ
ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಮಗಳು ಹತ್ತನೇ ಕ್ಲಾಸು. ವಿದ್ಯುತ್ ಪಾಠ ಓದುತ್ತಾ ಕೂತವಳು ನನಗೇ ಪ್ರಶ್ನೆ ಹಾಕಿದಳು. "ಅಪ್ಪಾ, ಓಮ್ ನಿಯಮದ ಪ್ರಕಾರ ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯಬೇಕು. ಕರೆಂಟ್ ಇಳಿದರೆ ಬಿಸಿಯೂ ಕಡಿಮೆ. ಮತ್ತೆ ವೋಲ್ಟೇಜ್ ಡಲ್ ಇದ್ದಾಗ ಮೋಟ್ರು ಹಾಕಬೇಡ, ಕಾಯಿಲ್ ಸುಟ್ಟೋಗುತ್ತೆ ಅಂತ ಯಾಕೆ ಬೈತೀಯ?"

ಸುಡುವುದಂತೂ ನಿಜ. ರೀವೈಂಡಿಂಗ್‌ಗೆ ದುಡ್ಡು ಕಟ್ಟಿದವನಿಗೆ ಗೊತ್ತು. ಸ್ಟಾರ್ಟರ್ ಪಕ್ಕದಲ್ಲಿ ಎರಡು ಮೀಟರ್ ಇವೆ. ವೋಲ್ಟ್ ಮುಳ್ಳು ಇಳಿದ ಹಾಗೆ ಆಂಪ್ಸ್ ಮುಳ್ಳು ಏರುವುದನ್ನು ಕಣ್ಣಾರೆ ನೋಡುತ್ತೇನೆ. ಈಗ ಪುಸ್ತಕ ಸುಳ್ಳೋ ಮೀಟರ್ ಸುಳ್ಳೋ? ಮಗಳಿಗೆ ಅರ್ಥ ಆಗುವ ಹಾಗೆ ಯಾರಾದರೂ ಹೇಳಿ.

ಪಿಯುಸಿ ಪರದಾಟ
ಸಿಂಪಲ್ ಅಣ್ಣ. ಪವರ್ ಅಂದರೆ ವೋಲ್ಟೇಜ್ ಗುಣಿಸು ಕರೆಂಟ್. ಮೋಟರಿಗೆ ಬೇಕಾದ ಪವರ್ ಅಷ್ಟೇ ಇರುತ್ತದೆ. ವೋಲ್ಟೇಜ್ ಕಡಿಮೆ ಆದರೆ ಕರೆಂಟ್ ಜಾಸ್ತಿ ಆಗಲೇಬೇಕು.

ಸೀಮೆಸುಣ್ಣ
ಲೆಕ್ಕ ಕೂಡುತ್ತದೆ, ಆದರೆ ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಪವರ್ ಬದಲಾಗಬಾರದು ಅಂತ ಯಾವ ಸೂತ್ರವೂ ಹೇಳುವುದಿಲ್ಲ. 60 ವಾಟಿನ ಹಳೇ ಬಲ್ಬಿಗೆ 230 ವೋಲ್ಟ್ ಬದಲು 180 ಕೊಡಿ. ಅದು ಮಂಕಾಗುತ್ತದೆ. ಕರೆಂಟನ್ನೂ ಕಡಿಮೆಯೇ ಎಳೆಯುತ್ತದೆ. "ನನಗೆ 60 ವಾಟ್ ಬೇಕೇ ಬೇಕು" ಅಂತ ಬಲ್ಬ್ ಹಟ ಮಾಡುವುದಿಲ್ಲ. ಮೋಟರ್ ಯಾಕೆ ಮಾಡುತ್ತದೆ? ವೋಲ್ಟೇಜ್ ಬಿದ್ದಿದೆ, ಜಾಸ್ತಿ ಕರೆಂಟ್ ಎಳೆಯಬೇಕು ಅಂತ ಅದಕ್ಕೆ ಹೇಳುವವರು ಯಾರು? ಪ್ರಶ್ನೆ ಇರುವುದು ಅಲ್ಲಿ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು ನಾನು. ಈ ಪ್ರಶ್ನೆ ಕೇಳಿದ ಹುಡುಗಿಗೆ ಮೊದಲು ಶಭಾಷ್ ಹೇಳಿ.

ಓಮ್ ನಿಯಮ ಹೇಳುವುದು ಒಂದು ತಂತಿಯ ಮಾತು. ತಂತಿ ಸುಮ್ನೆ ಇರಬೇಕು, ಅದರ ಬಿಸಿ ಬದಲಾಗಬಾರದು, ಸುತ್ತ ಕಾಂತಕ್ಷೇತ್ರದ ಆಟ ನಡೆಯಬಾರದು. ಮೋಟರಿನೊಳಗೆ ನಡೆಯುವುದೇ ಕಾಂತಕ್ಷೇತ್ರದ ಆಟ.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ಕರೆಂಟ್ ಹರಿಯುವ ತಂತಿ ಪಕ್ಕದಲ್ಲಿದ್ದರೆ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. ಅಂದರೆ ಕರೆಂಟ್ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಮರುವರ್ಷವೇ ಫ್ಯಾರಡೆ, ಕಾಂತದ ಸುತ್ತ ತಂತಿ ತಿರುಗುವ ಹಾಗೆ ಮಾಡಿದ. ಮೋಟರಿನ ಮೂಲ ಅದು. ಹತ್ತು ವರ್ಷದ ಮೇಲೆ, 1831ರಲ್ಲಿ, ಅದೇ ಫ್ಯಾರಡೆ ಉಲ್ಟಾ ದಾರಿಯನ್ನೂ ಕಂಡುಕೊಂಡ. ಸುರುಳಿಯೊಳಗೆ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಡೈನಮೋದ ಮೂಲ ಇದು.

ಕ್ಲಾಸಿನಲ್ಲಿ ನಾವು ಮೋಟರನ್ನು ಒಂದು ದಿನ, ಡೈನಮೋವನ್ನು ಇನ್ನೊಂದು ದಿನ ಹೇಳುತ್ತೇವೆ. ಎಡಗೈ ನಿಯಮ ಒಂದಕ್ಕೆ, ಬಲಗೈ ನಿಯಮ ಇನ್ನೊಂದಕ್ಕೆ. ಮಕ್ಕಳು ಅವು ಬೇರೆ ಬೇರೆ ಯಂತ್ರ ಅಂತ ತಿಳಿಯುತ್ತಾರೆ. ಆದರೆ ತಿರುಗುತ್ತಿರುವ ಮೋಟರಿನ ಸುರುಳಿಯೂ ಕಾಂತಕ್ಷೇತ್ರದೊಳಗೇ ತಿರುಗುತ್ತಿದೆ, ಅಲ್ವಾ? ಹಾಗಾದರೆ ಅದೇ ಹೊತ್ತಿಗೆ, ಅದೇ ಸುರುಳಿಯಲ್ಲಿ, ಡೈನಮೋದ ವೋಲ್ಟೇಜೂ ಹುಟ್ಟುತ್ತಿದೆ. ಅದರ ದಿಕ್ಕು ನಾವು ಕೊಟ್ಟ ವೋಲ್ಟೇಜಿಗೆ ಎದುರು. 1834ರಲ್ಲಿ ಲೆನ್ಸ್ ಹೇಳಿದ ನಿಯಮ ಇದೇ. ಹುಟ್ಟಿದ ವೋಲ್ಟೇಜ್ ತನ್ನನ್ನು ಹುಟ್ಟಿಸಿದ ಬದಲಾವಣೆಗೆ ಅಡ್ಡ ನಿಲ್ಲುತ್ತದೆ.

ಸಣ್ಣ ಲೆಕ್ಕ. ಬ್ಯಾಟರಿಯ ಮೋಟರ್, 12 ವೋಲ್ಟ್. ಸುರುಳಿಯ ರೋಧ 2 ಓಮ್. ಬರೀ ಓಮ್ ನಿಯಮ ಹಾಕಿದರೆ 6 ಆಂಪಿಯರ್ ಬರಬೇಕು. ಮೋಟರ್ ತಿರುಗುವಾಗ ಅಳೆದರೆ 1 ಆಂಪಿಯರ್ ಇದೆ ಅಂತಿಟ್ಟುಕೊಳ್ಳಿ. 2 ಓಮಿಗೆ 1 ಆಂಪಿಯರ್ ಅಂದರೆ 2 ವೋಲ್ಟ್. ಉಳಿದ 10 ವೋಲ್ಟ್ ಎಲ್ಲಿ ಹೋಯಿತು? ಅದೇ ಎದುರು ವೋಲ್ಟೇಜ್. ಒಟ್ಟು ಒಳಗೆ ಹೋಗುವ ಶಕ್ತಿ ಸೆಕೆಂಡಿಗೆ 12 ಜೂಲ್. ಅದರಲ್ಲಿ 2 ಬಿಸಿಯಾಗುತ್ತದೆ, 10 ಕೆಲಸಕ್ಕೆ ಹೋಗುತ್ತದೆ. ಈಗ ಮೋಟರಿನ ಶಾಫ್ಟ್ ಗಟ್ಟಿ ಹಿಡಿದುಬಿಡಿ. ತಿರುಗುವುದು ನಿಂತಿತು, ಎದುರು ವೋಲ್ಟೇಜ್ ಸೊನ್ನೆ. ಈಗ ನಿಜಕ್ಕೂ 6 ಆಂಪಿಯರ್, ಸೆಕೆಂಡಿಗೆ 72 ಜೂಲ್, ಅಷ್ಟೂ ಬಿಸಿ. 2 ವಾಟ್ ಬಿಸಿ ತಡೆಯುವ ಸುರುಳಿಗೆ 72 ವಾಟ್.

ಓಮ್ ನಿಯಮ ಎಲ್ಲೂ ಮುರಿದಿಲ್ಲ. ವೋಲ್ಟೇಜ್ ಅಂತ ನಾವು ಹಾಕಬೇಕಾದದ್ದು 12 ಅಲ್ಲ, 12ರಲ್ಲಿ ಎದುರು ವೋಲ್ಟೇಜ್ ಕಳೆದು ಉಳಿದದ್ದು.

ಅಡುಗೆಮನೆ ಲ್ಯಾಬ್
ಮಿಕ್ಸಿಯಲ್ಲಿ ಗಟ್ಟಿ ಚಟ್ನಿ ಸಿಕ್ಕಿಕೊಂಡು ಬ್ಲೇಡ್ ನಿಂತಾಗ ಗುಂ ಅಂತ ಸದ್ದು, ಆಮೇಲೆ ಸುಟ್ಟ ವಾಸನೆ ಬರುತ್ತದಲ್ಲಾ, ಇದೇ ಕಾರಣಕ್ಕಾ ಸರ್? ತಳದಲ್ಲಿರುವ ಕೆಂಪು ಬಟನ್ ಟಪ್ ಅಂತ ಹೊರಗೆ ಬಂದು ಆಫ್ ಆಗುತ್ತದೆ. ಇಷ್ಟು ದಿನ ಮಿಕ್ಸಿ ದಣಿದು ಹೀಗಾಗುತ್ತದೆ ಅಂದುಕೊಂಡಿದ್ದೆ.

ಸೀಮೆಸುಣ್ಣ
ಅದೇ ಕಾರಣ ಅಕ್ಕ. ಬ್ಲೇಡ್ ನಿಂತಾಗ ಕೆಲಸ ಸೊನ್ನೆ, ಕರೆಂಟ್ ಅತಿ ಹೆಚ್ಚು. ನಿಂತ ಮೋಟರ್ ಸುಮ್ನೆ ಇದೆ ಅಂತ ಕಾಣುತ್ತದೆ, ಆದರೆ ಮೋಟರಿಗೆ ಅದು ಬಹಳ ಕೆಟ್ಟ ಸ್ಥಿತಿ. ಆ ಬಟನ್ ಕರೆಂಟ್ ಮಿತಿ ಮೀರಿದಾಗ ಸರ್ಕ್ಯೂಟ್ ಬಿಡಿಸುವ ಸ್ವಿಚ್. ಸ್ವಲ್ಪ ಹೊತ್ತು ತಣಿಯಲು ಬಿಟ್ಟು, ಜಾರಿನಿಂದ ಸ್ವಲ್ಪ ತೆಗೆದು, ಆಮೇಲೆ ಒತ್ತಿ.

ಕಾಯಿಲ್ ಕಟ್ಟೋನು
ನಮ್ಮದು ಮೋಟರ್ ರೀವೈಂಡಿಂಗ್ ಅಂಗಡಿ. ಮೇಷ್ಟ್ರು ಹೇಳಿದ್ದಕ್ಕೆ ಒಂದು ಸಾಕ್ಷಿ ಕೊಡುತ್ತೇನೆ. 5 ಎಚ್‌ಪಿ ತ್ರೀ ಫೇಸ್ ಮೋಟರಿನ ಕಾಯಿಲಿಗೆ ಮಲ್ಟಿಮೀಟರ್ ಹಿಡಿದರೆ ಒಂದೆರಡು ಓಮ್ ತೋರಿಸುತ್ತದೆ, ಅಷ್ಟೇ. 2 ಓಮ್ ಅಂತಿಟ್ಟುಕೊಂಡು 230 ವೋಲ್ಟಿಗೆ ಲೆಕ್ಕ ಹಾಕಿ. 115 ಆಂಪಿಯರ್! ಮೋಟರ್ ಮೇಲಿನ ನೇಮ್‌ಪ್ಲೇಟ್ ನೋಡಿದರೆ 8 ಆಂಪಿಯರ್ ಆಸುಪಾಸು ಬರೆದಿರುತ್ತದೆ. ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಮಾತ್ರ ಐದಾರು ಪಟ್ಟು ಎಳೆಯುತ್ತದೆ, ಸ್ಪೀಡ್ ಹಿಡಿದ ಮೇಲೆ ಇಳಿಯುತ್ತದೆ. ಕಾಯಿಲಿನ ತಂತಿ ಅಷ್ಟೇ ಇದೆ, ಮತ್ತೆ ಕರೆಂಟ್ ತಡೆದದ್ದು ಯಾವುದು? ಹುಡುಗರನ್ನು ಕೆಲಸಕ್ಕೆ ಸೇರಿಸಿಕೊಂಡಾಗ ನಾನು ಮೊದಲು ಕೇಳುವ ಪ್ರಶ್ನೆ ಇದು.

ಸುಟ್ಟ ಕಾಯಿಲ್ ನೋಡಿದರೆ ಕಾರಣ ಅರ್ಧ ಗೊತ್ತಾಗುತ್ತದೆ. ಮೂರೂ ಫೇಸಿನ ಕಾಯಿಲ್ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್ ಇಲ್ಲವೇ ಡಲ್ ವೋಲ್ಟೇಜ್. ಕೆಲವು ಕಾಯಿಲ್ ಕಪ್ಪಾಗಿ, ಮಧ್ಯೆ ಮಧ್ಯೆ ಕೆಲವು ಹೊಸದರ ಹಾಗೆ ಹೊಳೆಯುತ್ತಿದ್ದರೆ ಒಂದು ಫೇಸ್ ಹೋಗಿ ಎರಡರಲ್ಲೇ ಓಡಿದೆ ಅಂತ.

ಪಿಯುಸಿ ಪರದಾಟ
ಮೇಷ್ಟ್ರೇ, ತಕರಾರು ಇದೆ. ನಿಮ್ಮ 12 ವೋಲ್ಟ್ ಮೋಟರಿಗೆ 9 ವೋಲ್ಟ್ ಕೊಡೋಣ. ಹೊರೆ ಅಷ್ಟೇ ಇದೆ ಅಂದರೆ ತಿರುಗಿಸುವ ಬಲ ಅಷ್ಟೇ ಬೇಕು. ಬಲ ಇರುವುದು ಕರೆಂಟಿನ ಮೇಲೆ. ಹಾಗಾಗಿ ಕರೆಂಟ್ 1 ಆಂಪಿಯರೇ ಇರುತ್ತದೆ. ಎದುರು ವೋಲ್ಟೇಜ್ 10 ಇದ್ದದ್ದು 7 ಆಗುತ್ತದೆ, ಮೋಟರ್ ನಿಧಾನ ಆಗುತ್ತದೆ, ಕತೆ ಮುಗಿಯಿತು. ಸುಡುವುದೇ ಇಲ್ಲ! ಕೊಳವೆಬಾವಿ ಅಣ್ಣನ ಆಂಪ್ಸ್ ಮುಳ್ಳು ಏರುವುದು ಯಾಕೆ ಅಂತ ಇನ್ನೂ ಗೊತ್ತಾಗಲಿಲ್ಲ.

ಸೀಮೆಸುಣ್ಣ
ಸರಿಯಾಗಿ ಹಿಡಿದೆ ಮರಿ. ಬ್ಯಾಟರಿ ಮೋಟರ್ ನಮ್ಮನ್ನು ಅರ್ಧ ದಾರಿ ತಲುಪಿಸುತ್ತದೆ. ಪಂಪಿನ ಮೋಟರ್ ಬೇರೆ ಜಾತಿ. ಇಲ್ಲಿ ಎಲೆಕ್ಟ್ರಿಕಲ್ ಓದಿದವರು ಇದ್ದಾರೆ, ಅವರು ಮುಂದುವರಿಸಲಿ.

ಸ್ಲಿಪ್‌ರಿಂಗ್
ಬಂದೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಪಂಪಿನದು ಇಂಡಕ್ಷನ್ ಮೋಟರ್. ಅದರ ವಿಶೇಷ ಏನೆಂದರೆ ತಿರುಗುವ ಭಾಗಕ್ಕೆ, ಅಂದರೆ ರೋಟರಿಗೆ, ಹೊರಗಿನಿಂದ ಒಂದು ತಂತಿಯೂ ಹೋಗುವುದಿಲ್ಲ. ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಬ್ರಷ್ ಇಲ್ಲ. ತಾಮ್ರದ ಅಥವಾ ಅಲ್ಯುಮಿನಿಯಂ ಸರಳುಗಳನ್ನು ಸುತ್ತ ಜೋಡಿಸಿ ಎರಡೂ ತುದಿಗೆ ಬಳೆ ಹಾಕಿ ಸೇರಿಸಿರುತ್ತಾರೆ. ಹೊರಗಿನ ಕಾಯಿಲುಗಳಿಗೆ ಮೂರು ಫೇಸ್ ಕೊಟ್ಟಾಗ, ಒಂದರ ಹಿಂದೆ ಒಂದು ಏರಿಳಿಯುವ ಆ ಮೂರು ಕರೆಂಟುಗಳು ಸೇರಿ ತಿರುಗುವ ಕಾಂತಕ್ಷೇತ್ರ ಹುಟ್ಟಿಸುತ್ತವೆ. ಕಾಯಿಲ್ ಅಲ್ಲೇ ಇರುತ್ತದೆ, ಕ್ಷೇತ್ರ ಮಾತ್ರ ಸುತ್ತುತ್ತದೆ. ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದದ್ದು ಈ ಉಪಾಯಕ್ಕೇ.

ನಮ್ಮ ಲೈನಿನದು 50 ಹರ್ಟ್ಸ್, ಅಂದರೆ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಎರಡು ಧ್ರುವದ ಮೋಟರಿನಲ್ಲಿ ಕ್ಷೇತ್ರ ಸೆಕೆಂಡಿಗೆ 50 ಸುತ್ತು, ನಿಮಿಷಕ್ಕೆ 3000 ಸುತ್ತು. ಈಗ ಮುಖ್ಯ ಮಾತು. ರೋಟರ್ ಕೂಡ ನಿಮಿಷಕ್ಕೆ ಸರಿಯಾಗಿ 3000 ಸುತ್ತು ಹೊಡೆದರೆ ಏನಾಗುತ್ತದೆ? ರೋಟರಿನ ಸರಳಿಗೆ ಕ್ಷೇತ್ರ ನಿಂತ ಹಾಗೆ ಕಾಣುತ್ತದೆ. ಬದಲಾವಣೆ ಇಲ್ಲ ಅಂದರೆ ಫ್ಯಾರಡೆಯ ವೋಲ್ಟೇಜ್ ಇಲ್ಲ, ಕರೆಂಟ್ ಇಲ್ಲ, ಬಲವೂ ಇಲ್ಲ. ಹಾಗಾಗಿ ರೋಟರ್ ಯಾವಾಗಲೂ ಸ್ವಲ್ಪ ಹಿಂದೆ ಬೀಳಲೇಬೇಕು. 2880ರಲ್ಲಿ ತಿರುಗುತ್ತಿದೆ ಅನ್ನಿ. ಆ 120 ಸುತ್ತಿನ ಅಂತರಕ್ಕೆ ಸ್ಲಿಪ್ ಅನ್ನುತ್ತಾರೆ. ಮೋಟರಿನ ಪೂರ್ತಿ ಜೀವ ಆ ಅಂತರದಲ್ಲಿದೆ.

ವೋಲ್ಟೇಜ್ 100 ಇದ್ದದ್ದು 80 ಆಯಿತು. ಕಾಂತಕ್ಷೇತ್ರ 80 ಭಾಗಕ್ಕೆ ಇಳಿಯಿತು. ಕ್ಷೇತ್ರ ದುರ್ಬಲ ಆದ್ದರಿಂದ ಅದೇ ಅಂತರದಲ್ಲಿ ರೋಟರಿನಲ್ಲಿ ಹುಟ್ಟುವ ಕರೆಂಟೂ 80 ಭಾಗ. ಬಲ ಇವೆರಡರ ಗುಣಲಬ್ಧ. 0.8 ಗುಣಿಸು 0.8, ಅಂದರೆ 0.64. ವೋಲ್ಟೇಜ್ ಐದನೇ ಒಂದು ಭಾಗ ಬಿದ್ದರೆ ಬಲ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೀಳುತ್ತದೆ.

ಆದರೆ ಬಾವಿಯೊಳಗಿನ ನೀರಿನ ಭಾರ ಕಡಿಮೆ ಆಗಿಲ್ಲ. ಬಲ ಸಾಲದೆ ರೋಟರ್ ಇನ್ನೂ ಹಿಂದೆ ಬೀಳುತ್ತದೆ. ಅಂತರ 120 ಇದ್ದದ್ದು 190ರ ಹತ್ತಿರ ಬಂದಾಗ ಮತ್ತೆ ಸಮ ಆಗುತ್ತದೆ. ವೇಗ 2880ರಿಂದ 2810ಕ್ಕೆ ಇಳಿಯಿತು, ನೂರಕ್ಕೆ ಎರಡೂವರೆ ಭಾಗ ಅಷ್ಟೇ. ಪಂಪಿಗೆ ವ್ಯತ್ಯಾಸ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ಅದೇ ಬಲವನ್ನು ದುರ್ಬಲ ಕ್ಷೇತ್ರದಲ್ಲಿ ಕೊಡಬೇಕಾದ್ದರಿಂದ ರೋಟರಿನ ಕರೆಂಟ್ ಸರಿಸುಮಾರು ಒಂದೂಕಾಲು ಪಟ್ಟು ಆಗಬೇಕು. ರೋಟರಿನಲ್ಲಿ ಏರಿದ್ದು ಟ್ರಾನ್ಸ್‌ಫಾರ್ಮರಿನಲ್ಲಿ ಆಗುವ ಹಾಗೆ ಹೊರಗಿನ ಕಾಯಿಲಿನಲ್ಲೂ ಏರುತ್ತದೆ. ಬಿಸಿ ಇರುವುದು ಕರೆಂಟಿನ ವರ್ಗದ ಮೇಲೆ, 1.25 ಗುಣಿಸು 1.25, ಅಂದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಕಾಯಿಲಿನ ತಂತಿಗೆ ಬಳಿದ ವಾರ್ನಿಷ್ ತಡೆಯುವಷ್ಟು ತಡೆಯುತ್ತದೆ, ಆಮೇಲೆ ಸುಡುತ್ತದೆ.

ಪಿಯುಸಿ ತಮ್ಮನ ತಕರಾರಿಗೆ ಉತ್ತರ ಇಲ್ಲಿದೆ. ಬ್ಯಾಟರಿ ಮೋಟರಿನ ವೇಗವನ್ನು ವೋಲ್ಟೇಜ್ ನಿರ್ಧರಿಸುತ್ತದೆ. ಅದಕ್ಕೇ ವೋಲ್ಟೇಜ್ ಬಿದ್ದರೆ ಅದು ನಿಧಾನ ಆಗಿ ತಪ್ಪಿಸಿಕೊಳ್ಳುತ್ತದೆ. ಪಂಪ್ ಮೋಟರಿನ ವೇಗವನ್ನು ಹರ್ಟ್ಸ್ ಕಟ್ಟಿಹಾಕಿದೆ. ಲೈನಿನ ವೋಲ್ಟೇಜ್ ಬೀಳುತ್ತದೆ, 50 ಹರ್ಟ್ಸ್ ಬೀಳುವುದಿಲ್ಲ. ಮೋಟರಿಗೆ ಅಷ್ಟು ನಿಧಾನ ಆಗಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ವೋಲ್ಟೇಜ್ ಇನ್ನೂ ಕುಸಿದರೆ ಒಂದು ಹಂತದಲ್ಲಿ ಎಷ್ಟು ಹಿಂದೆ ಬಿದ್ದರೂ ಬಲ ಸಾಲುವುದಿಲ್ಲ. ರೋಟರ್ ನಿಂತೇ ಹೋಗುತ್ತದೆ. ಆಗ ಮಿಕ್ಸಿಯ ಚಟ್ನಿ ಕತೆ.

ಅಡುಗೆಮನೆ ಲ್ಯಾಬ್
ಸೀಲಿಂಗ್ ಫ್ಯಾನೂ ಇಂಡಕ್ಷನ್ ಮೋಟರ್ ಅಂತ ಕೇಳಿದ್ದೇನೆ. ಡಲ್ ಆದಾಗ ಅದು ನಿಧಾನ ಆಗುತ್ತದೆ, ಸುಡುವುದಿಲ್ಲವಲ್ಲ?

ಸ್ಲಿಪ್‌ರಿಂಗ್
ಫ್ಯಾನಿನ ರೋಟರನ್ನು ಜಾಸ್ತಿ ಸ್ಲಿಪ್ ತಡೆಯುವ ಹಾಗೇ ಮಾಡಿರುತ್ತಾರೆ. ಜೊತೆಗೆ ಗಾಳಿಯ ಹೊರೆ ವೇಗದ ವರ್ಗದ ಹಾಗೆ ಬದಲಾಗುತ್ತದೆ. ವೇಗ ಅರ್ಧ ಆದರೆ ಬೇಕಾದ ಬಲ ಕಾಲು ಭಾಗ. ಸ್ವಲ್ಪ ನಿಧಾನ ಆದರೆ ಸಾಕು, ಬದುಕಿಕೊಳ್ಳುತ್ತದೆ.

ಮೊಬೈಲ್ ಚಾರ್ಜರ್ ಮೇಲೆ 100-240 ವೋಲ್ಟ್ ಅಂತ ಬರೆದಿರುತ್ತದೆ ನೋಡಿ. ಪಿಯುಸಿ ತಮ್ಮ ಮೊದಲು ಹೇಳಿದ "ಪವರ್ ಅಷ್ಟೇ ಇರುತ್ತದೆ" ಅನ್ನುವುದು ಅಲ್ಲಿ ಸರಿ ಹೋಗುತ್ತದೆ. ಒಳಗಿನ ಎಲೆಕ್ಟ್ರಾನಿಕ್ಸ್ ಬೇಕಂತಲೇ ಹಾಗೆ ಮಾಡುತ್ತದೆ. ವೋಲ್ಟೇಜ್ ಇಳಿದರೆ ಕರೆಂಟ್ ಏರಿಸಿಕೊಳ್ಳುತ್ತದೆ.

ಪಿಯುಸಿ ಪರದಾಟ
ಮಧ್ಯದಲ್ಲಿ ಒಂದು. 60 ವಾಟ್ ಬಲ್ಬಿಗೆ ಮಲ್ಟಿಮೀಟರ್ ಇಟ್ಟರೆ 65 ಓಮ್ ಹತ್ತಿರ ತೋರಿಸುತ್ತದೆ. ಓಮ್ ನಿಯಮ ಹಾಕಿದರೆ 3.5 ಆಂಪಿಯರ್. 60 ವಾಟಿಗೆ ಕಾಲು ಆಂಪಿಯರ್ ಸಾಕಲ್ಲ. ಬಲ್ಬಿನಲ್ಲೂ ಎದುರು ವೋಲ್ಟೇಜ್ ಇದೆಯಾ?

ಸೀಮೆಸುಣ್ಣ
ಇಲ್ಲ. ಅಲ್ಲಿ ಬದಲಾಗುವುದು ರೋಧವೇ. ನೀನು ಅಳೆದದ್ದು ತಣ್ಣಗಿನ ಟಂಗ್‌ಸ್ಟನ್. ಉರಿಯುವಾಗ ಅದು 2500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ರೋಧ 880 ಓಮ್ ಆಗುತ್ತದೆ. ಹಾಕಿದ ಕ್ಷಣದಲ್ಲಿ ಮಾತ್ರ ನಿನ್ನ 3.5 ಆಂಪಿಯರ್ ಹರಿಯುತ್ತದೆ. ಹಳೇ ಬಲ್ಬುಗಳು ಸ್ವಿಚ್ ಹಾಕಿದ ಕೂಡಲೇ ಟಕ್ ಅಂತ ಹೋಗುತ್ತಿದ್ದದ್ದು ಅದಕ್ಕೇ.

ಕಂಬದ ಮೇಲಿಂದ
ಲೈನ್‌ಮನ್ ಕೆಲಸದಿಂದ ರಿಟೈರ್ ಆದವನು ನಾನು. ವೋಲ್ಟೇಜ್ ಡಲ್ ಆಗುವುದು ಯಾಕೆ ಅಂತ ಯಾರೂ ಹೇಳಲಿಲ್ಲ. ಅದೂ ಓಮ್ ನಿಯಮವೇ, ಆದರೆ ಲೈನಿನ ತಂತಿಯಲ್ಲಿ.

ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ನಿಮ್ಮ ಬೋರಿಗೆ ಅರ್ಧ ಕಿಲೋಮೀಟರ್ ತಂತಿ ಇದೆ ಅನ್ನಿ. ನಾವು ರ್ಯಾಬಿಟ್ ಅನ್ನುವ ಕಂಡಕ್ಟರ್ ಆದರೆ ಅದರ ರೋಧ ಕಿಲೋಮೀಟರಿಗೆ ಅರ್ಧ ಓಮಿಗಿಂತ ಸ್ವಲ್ಪ ಜಾಸ್ತಿ. (ಅಳಿಲು, ಮೊಲ, ನಾಯಿ, ಚಿರತೆ, ನಮ್ಮ ತಂತಿಗಳಿಗೆಲ್ಲ ಇಂಗ್ಲಿಷಿನಲ್ಲಿ ಪ್ರಾಣಿಗಳದೇ ಹೆಸರು.) ಬೆಸುಗೆ, ಜಂಪರ್, ಸರ್ವಿಸ್ ವೈರ್ ಸೇರಿ 0.3 ಓಮ್ ಇಟ್ಟುಕೊಳ್ಳಿ. ಐದು ಪಂಪ್ ಓಡುತ್ತಿದ್ದರೆ 40 ಆಂಪಿಯರ್, ತಂತಿಯಲ್ಲೇ 12 ವೋಲ್ಟ್ ಹೋಯಿತು. ಇದು ಪರವಾಗಿಲ್ಲ.

ತೊಂದರೆ ಬರುವುದು ಆಟೋ ಸ್ಟಾರ್ಟರಿನಿಂದ. ತ್ರೀ ಫೇಸ್ ಬಂದ ಗಳಿಗೆಗೆ ಐದೂ ಪಂಪ್ ಒಟ್ಟಿಗೆ ಏಳುತ್ತವೆ. ಏಳುವಾಗ ಆರು ಪಟ್ಟು, ಅಂದರೆ 240 ಆಂಪಿಯರ್. 0.3ರಿಂದ ಗುಣಿಸಿ. 72 ವೋಲ್ಟ್ ತಂತಿಯಲ್ಲೇ ಮಾಯ! ವೋಲ್ಟೇಜ್ ಬಿದ್ದಂತೆ ಆ ಕರೆಂಟೂ ಸ್ವಲ್ಪ ಇಳಿಯುವುದರಿಂದ ಲೆಕ್ಕ ಅಷ್ಟು ಕೆಟ್ಟದಾಗಿ ಬರುವುದಿಲ್ಲ. ಆದರೂ ಮೋಟರುಗಳಿಗೆ ಸಿಗುವ ಬಲ ಅರ್ಧದ ಹತ್ತಿರ ಬರುತ್ತದೆ. ಯಾವುದೂ ಬೇಗ ಸ್ಪೀಡ್ ಹಿಡಿಯುವುದಿಲ್ಲ. ಸ್ಪೀಡ್ ಹಿಡಿಯದೆ ಕರೆಂಟ್ ಇಳಿಯುವುದಿಲ್ಲ, ಕರೆಂಟ್ ಇಳಿಯದೆ ವೋಲ್ಟೇಜ್ ಏರುವುದಿಲ್ಲ. ಐದೂ ಗುಂ ಅನ್ನುತ್ತಾ ಕೂರುತ್ತವೆ. ಪಕ್ಕದ ತೋಟದವರು ಮಾತಾಡಿಕೊಂಡು ಆಟೋ ಸ್ಟಾರ್ಟರಿನ ಟೈಮರನ್ನು ಒಬ್ಬೊಬ್ಬರು ಒಂದೊಂದು ನಿಮಿಷ ಹಿಂದೆ ಮುಂದೆ ಇಟ್ಟುಕೊಳ್ಳಿ ಅಂತ ನಾನು ಹೇಳಿ ಹೇಳಿ ಸುಸ್ತಾಗಿದ್ದೇನೆ. ಕೇಳಿದ ಕಡೆ ಫ್ಯೂಸ್ ಹೋಗುವುದು ನಿಂತಿತು.

ಸೀಮೆಸುಣ್ಣ
ಈ ಲೆಕ್ಕ ಮಕ್ಕಳಿಗೆ ಹೇಳಲೇಬೇಕು. ದೂರಕ್ಕೆ ಕರೆಂಟ್ ಕಳಿಸುವಾಗ ವೋಲ್ಟೇಜನ್ನು ಯಾಕೆ ಸಾವಿರಗಟ್ಟಲೆ ಏರಿಸುತ್ತಾರೆ ಅನ್ನುವುದಕ್ಕೂ ಇದೇ ಉತ್ತರ. ಅಷ್ಟೇ ಪವರಿಗೆ ವೋಲ್ಟೇಜ್ ಹತ್ತು ಪಟ್ಟು ಆದರೆ ಕರೆಂಟ್ ಹತ್ತನೇ ಒಂದು ಭಾಗ, ತಂತಿಯಲ್ಲಿ ಬಿಸಿಯಾಗಿ ಹೋಗುವುದು ನೂರನೇ ಒಂದು ಭಾಗ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟ್ ಹೋದದ್ದು ಇದನ್ನು ನಂಬಿಯೇ.

ಕೊಳವೆಬಾವಿ ಅವರೇ, ಮಗಳ ಹತ್ತಿರ ಒಂದು ಪ್ರಯೋಗ ಮಾಡಿಸಿ. ಆಟದ ಕಾರಿನ ಸಣ್ಣ ಮೋಟರ್ ಒಂದು, ಎರಡು ಪೆನ್ ಸೆಲ್, ಹಳೇ ಟಾರ್ಚಿನ ಫಿಲಮೆಂಟ್ ಬಲ್ಬ್ ಒಂದು. ಮೂರನ್ನೂ ಸಾಲಾಗಿ ಸೇರಿಸಿ. ಮೋಟರ್ ತಿರುಗುತ್ತಿರುವಾಗ ಬಲ್ಬ್ ಎಷ್ಟು ಬೆಳಗುತ್ತದೆ ನೋಡಲಿ. ಆಮೇಲೆ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಲಿ. ಎಲ್‌ಇಡಿ ಬೇಡ, ಅದು ಮೋಟರಿಗೆ ಬೇಕಾದಷ್ಟು ಕರೆಂಟ್ ಬಿಡುವುದಿಲ್ಲ. ಮನೆಯ ಪ್ಲಗ್ ಪಾಯಿಂಟ್ ಹತ್ತಿರವಂತೂ ಹೋಗುವುದೇ ಬೇಡ, ಸೆಲ್ ಮಾತ್ರ.

ಕೊಳವೆಬಾವಿ
ಮಾಡಿದಳು. ಮೋಟರ್ ತಿರುಗುವಾಗ ಬಲ್ಬ್ ಮಿಣಿಮಿಣಿ ಅಂತ ಇರುತ್ತದೆ. ಶಾಫ್ಟ್ ಹಿಡಿದರೆ ಝಗ್ ಅಂತ ಹತ್ತಿಕೊಳ್ಳುತ್ತದೆ. ಬಿಟ್ಟರೆ ಮತ್ತೆ ಮಂಕು. ಅವಳಿಗಿಂತ ಅವಳ ಅಜ್ಜನೇ ಜಾಸ್ತಿ ಹೊತ್ತು ಆಡಿದರು. ಸೈಕಲ್ ಡೈನಮೋ ಟೈರಿಗೆ ತಾಗಿಸಿದ ಕೂಡಲೇ ಪೆಡಲ್ ಭಾರ ಆಗುತ್ತಿದ್ದದ್ದೂ ಇದೇ ಏನು ಅಂತ ಕೇಳುತ್ತಿದ್ದಾರೆ.

ಮಗಳದು ಇನ್ನೊಂದು ಪ್ರಶ್ನೆ. ಹಿಡಿದು ನಿಲ್ಲಿಸುವ ಬದಲು ಶಾಫ್ಟನ್ನು ಜೋರಾಗಿ ಹಿಂದಕ್ಕೆ ತಿರುಗಿಸಿದರೆ ಏನಾಗುತ್ತದೆ?

ಸೀಮೆಸುಣ್ಣ
ಅಜ್ಜನಿಗೆ ಹೌದು ಅನ್ನಿ, ಲೆನ್ಸ್ ಹೇಳಿದ ನಿಯಮವೇ ಅದು. ಟೈರಿಗೆ ತಾಗುವ ಉಜ್ಜಾಟ ಸ್ವಲ್ಪ ಇದೆ, ಉಳಿದದ್ದು ಬಲ್ಬಿಗೆ ಕೊಡುತ್ತಿರುವ ಶಕ್ತಿ.

ಮಗಳ ಪ್ರಶ್ನೆಗೆ ಉತ್ತರ ಅವಳೇ ನೋಡಲಿ. ಶಾಫ್ಟಿಗೆ ದಾರ ಸುತ್ತಿ ಎಳೆದರೆ ಸಾಕಷ್ಟು ವೇಗ ಬರುತ್ತದೆ. ಬಲ್ಬ್ ನಿಂತಾಗಿನದಕ್ಕಿಂತಲೂ ಜಾಸ್ತಿ ಬೆಳಗಬೇಕು. ಹಿಂದಕ್ಕೆ ತಿರುಗಿದಾಗ ಎದುರು ವೋಲ್ಟೇಜಿನ ದಿಕ್ಕು ಬದಲಾಗಿ ಸೆಲ್ಲಿನ ಜೊತೆ ಸೇರಿಕೊಳ್ಳುತ್ತದೆ. ಸೆಲ್ಲಿನ 3 ವೋಲ್ಟಿನಿಂದ ಅದನ್ನು ಕಳೆಯುವುದಲ್ಲ, 3 ವೋಲ್ಟಿಗೆ ಅದನ್ನು ಕೂಡಿಸುವುದು. ಜಾಸ್ತಿ ಬೆಳಕಿನ ಶಕ್ತಿ ಬರುವುದು ದಾರ ಎಳೆಯುವ ಕೈಯಿಂದ. ಜೋರಾಗಿ ಎಳೆದರೆ ಬಲ್ಬ್ ಹೋಗಬಹುದು, ಒಂದು ಎಕ್ಸ್‌ಟ್ರಾ ಇಟ್ಟುಕೊಳ್ಳಿ.

ಕಾಯಿಲ್ ಕಟ್ಟೋನು
ಅದಕ್ಕೇ ನಾವು ಬೈಯುವುದು, ಓಡುತ್ತಿರುವ ತ್ರೀ ಫೇಸ್ ಮೋಟರನ್ನು ಫೇಸ್ ಬದಲಾಯಿಸಿ ತಟ್ಟಂತ ಉಲ್ಟಾ ತಿರುಗಿಸಬೇಡಿ ಅಂತ. ಪೂರ್ತಿ ನಿಂತ ಮೇಲೆ ಬದಲಾಯಿಸಿ. ಇಲ್ಲದಿದ್ದರೆ ಸ್ಟಾರ್ಟ್ ಆಗುವಾಗಿನದಕ್ಕಿಂತಲೂ ಜಾಸ್ತಿ ಎಳೆಯುತ್ತದೆ.

ಮತ್ತೆ ಕೊಳವೆಬಾವಿ ಅಣ್ಣ, ನಿಮ್ಮ ಸ್ಟಾರ್ಟರಿನ ಓವರ್‌ಲೋಡ್ ರಿಲೇ, ಅಂದರೆ ಕರೆಂಟ್ ಮಿತಿ ಮೀರಿದರೆ ಮೋಟರ್ ಆಫ್ ಮಾಡುವ ಭಾಗ, ಎಷ್ಟಕ್ಕೆ ಇಟ್ಟಿದ್ದೀರಿ ನೋಡಿ. ಪದೇ ಪದೇ ಬೀಳುತ್ತದೆ ಅಂತ ಬಹಳ ಜನ ಅದನ್ನು ಪೂರ್ತಿ ತಿರುಗಿಸಿಟ್ಟಿರುತ್ತಾರೆ, ಕೆಲವರು ಅದನ್ನು ತಪ್ಪಿಸಿ ಡೈರೆಕ್ಟ್ ಮಾಡಿಬಿಟ್ಟಿರುತ್ತಾರೆ. ನೇಮ್‌ಪ್ಲೇಟಿನಲ್ಲಿ ಬರೆದಿರುವ ಆಂಪಿಯರಿಗೇ ಇಡಿ. ಡಲ್ ಆದಾಗ ಅದು ಬೀಳಲಿ ಬಿಡಿ, ಬೀಳುವುದಕ್ಕೇ ಅದನ್ನು ಇಟ್ಟಿರುವುದು.